ರೋಹ್ನಾ ಹಡಗಿನ ಖಲಾಸಿಗಳು ಸೈನಿಕರನ್ನು ಬಿಟ್ಟು ಓಡಿದರೇ?

ಪ್ರಶ್ನೆ: ನಮ್ಮದು ಕಾರವಾರದ ಹತ್ತಿರದ ಹಳ್ಳಿ. ನನ್ನ ತಾಯಿಯ ತಂದೆ ಮುಂಬಯಿಗೆ ಹೋಗಿ ಹಡಗಿನ ಕೆಲಸಕ್ಕೆ ಸೇರಿದ್ದರು. 1943ರ ಕೊನೆಯಲ್ಲಿ ಹಡಗು ಮುಳುಗಿ ತೀರಿಕೊಂಡರು. ಆಗ ಅಮ್ಮನಿಗೆ ಒಂದೂವರೆ ವರ್ಷ. ಹಡಗಿನ ಹೆಸರು ‘ರೋಣಾ’ ಎಂದು ಅಜ್ಜಿ ಹೇಳುತ್ತಿದ್ದರು. ಅದು ನೌಕಾಪಡೆಯ ಹಡಗು, ಅದರ ತುಂಬ ನಮ್ಮ ದೇಶದ ಸೈನಿಕರಿದ್ದರು, ಜಲಾಂತರ್ಗಾಮಿಯೊಂದು ಟಾರ್ಪೆಡೊ ಹೊಡೆದು ಮುಳುಗಿಸಿತು ಎಂದು ಮನೆಯಲ್ಲಿ ಕೇಳಿಕೊಂಡು ಬಂದಿದ್ದೇವೆ. ನಮ್ಮ ಬಳಿ ಉಳಿದಿರುವುದು ಒಂದು ಮನಿ ಆರ್ಡರ್ ಚೀಟಿ ಮಾತ್ರ. ಅದರಲ್ಲಿ ಮೆಕಿನನ್ ಮೆಕೆಂಜಿ ಎಂಬ ಕಂಪನಿಯ ಹೆಸರೂ ‘ಆಗ್‌ವಾಲಾ’ ಎಂಬ ಪದವೂ ಇವೆ. ಕಳೆದ ತಿಂಗಳು ತಂಗಿಯ ಮಗ ಎಲ್ಲಿಯೋ ಓದಿ, ‘ಆ ಹಡಗಿನ ಭಾರತೀಯ ಖಲಾಸಿಗಳು ಸೈನಿಕರನ್ನು ಸಾಯಲು ಬಿಟ್ಟು ದೋಣಿಗಳಲ್ಲಿ ಓಡಿಹೋದರಂತೆ’ ಎಂದು ಅಮ್ಮನ ಎದುರಿಗೇ ಹೇಳಿದ. ಅಂದಿನಿಂದ ಅಮ್ಮ ಸರಿಯಾಗಿ ಊಟ ಮಾಡುತ್ತಿಲ್ಲ. ಇದರ ಮಧ್ಯೆ ಒಬ್ಬರು ನಲವತ್ತು ಸಾವಿರ ರೂಪಾಯಿ ಕೊಟ್ಟರೆ ಬ್ರಿಟಿಷ್ ಸರ್ಕಾರದಿಂದ ಪರಿಹಾರ ಕೊಡಿಸುತ್ತೇನೆ ಎನ್ನುತ್ತಿದ್ದಾರೆ. ನಿಜ ಯಾವುದು, ನಾವು ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ನಿಮ್ಮ ತಾಯಿಯವರನ್ನು ಕೊರೆಯುತ್ತಿರುವುದು ಒಂದೇ: ಕಾಣದ ಅಪ್ಪ ಹೇಡಿಯಾಗಿದ್ದನೇ? ಅದಕ್ಕೇ ಮೊದಲು ಉತ್ತರಿಸುತ್ತೇನೆ. ಆ ಆರೋಪ ನಿಲ್ಲುವಂಥದ್ದಲ್ಲ. ಆರೋಪ ಹುಟ್ಟಿದ್ದಕ್ಕೆ ಕಾರಣಗಳಿವೆ, ಕೆಲವರು ಕಣ್ಣಾರೆ ಕಂಡದ್ದನ್ನೇ ಹೇಳಿದ್ದಾರೆ ಕೂಡ. ಆದರೆ ಸತ್ತವರ ಲೆಕ್ಕವೇ ಅದಕ್ಕೆ ಎದುರು ನಿಲ್ಲುತ್ತದೆ. ಹಡಗಿನ ಕಥೆ ಗೊತ್ತಾಗದೆ ಈ ಲೆಕ್ಕಕ್ಕೆ ಅರ್ಥ ಬರುವುದಿಲ್ಲ, ಹಾಗಾಗಿ ಸ್ವಲ್ಪ ಹಿಂದಿನಿಂದ ಬರುತ್ತೇನೆ.

ನಿಮ್ಮ ಅಜ್ಜಿ ‘ರೋಣಾ’ ಎನ್ನುತ್ತಿದ್ದ ಹಡಗು ಬಹುಶಃ ರೋಹ್ನಾ. ಅದು ಯುದ್ಧಕ್ಕೆಂದು ಕಟ್ಟಿದ ಹಡಗಲ್ಲ. ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿಗಾಗಿ ಇಂಗ್ಲೆಂಡಿನ ಟೈನ್ ನದಿಯ ದಡದಲ್ಲಿ ಹಾಥಾರ್ನ್ ಲೆಸ್ಲಿ ಕಾರ್ಖಾನೆ 1926ರಲ್ಲಿ ಅದನ್ನು ಕಟ್ಟಿತು. ನೋಂದಾಯಿತ ಗಾತ್ರ 8,602 ಟನ್. ಒಂದೇ ಚಿಮಣಿ, ಎರಡು ಪ್ರೊಪೆಲರ್, ಉಗಿ ಯಂತ್ರ. ಅದೇ ವರ್ಷ ಗ್ಲಾಸ್ಗೋದಲ್ಲಿ ಕಟ್ಟಿದ ರಜೂಲಾ ಇದರ ಜೋಡಿ ಹಡಗು. ಇಬ್ಬರದೂ ಕೆಲಸ ಮದರಾಸಿನಿಂದ ನಾಗಪಟ್ಟಣದ ಮೂಲಕ ಪೆನಾಂಗ್, ಸಿಂಗಪುರಗಳಿಗೆ ಜನರನ್ನು ಒಯ್ಯುವುದು. ಮಲಯದ ರಬ್ಬರ್ ತೋಟಗಳಿಗೆ ಹೋಗುತ್ತಿದ್ದ ಕೂಲಿಗಳು, ಸಣ್ಣ ವ್ಯಾಪಾರಿಗಳು ಚಾಪೆ ಹಾಸಿಕೊಂಡು ತೆರೆದ ಡೆಕ್ಕಿನ ಮೇಲೆಯೇ ದಿನ ಕಳೆಯುತ್ತಿದ್ದರು. ಒಂದು ಸಲಕ್ಕೆ ಐದು ಸಾವಿರದಷ್ಟು ಡೆಕ್ ಪ್ರಯಾಣಿಕರನ್ನು ಹತ್ತಿಸಿಕೊಳ್ಳಲು ಇವಕ್ಕೆ ಪರವಾನಗಿ ಇತ್ತು ಎಂದರೆ ಜನ ಹೇಗೆ ತುಂಬಿರುತ್ತಿದ್ದರೆಂದು ಊಹಿಸಿಕೊಳ್ಳಿ. ರಜೂಲಾ ಯುದ್ಧದಲ್ಲಿ ಉಳಿದುಕೊಂಡಿತು, 1970ರ ದಶಕದ ಆರಂಭದವರೆಗೂ ಅದೇ ದಾರಿಯಲ್ಲಿ ಓಡಿತು. ಆದ್ದರಿಂದ ಯಾರಾದರೂ ನಿಮಗೆ ‘ರೋಹ್ನಾದ ಫೋಟೋ’ ಎಂದು ಬಣ್ಣದ ಚಿತ್ರ ಕಳಿಸಿದರೆ ನಂಬಬೇಡಿ. ಎರಡೂ ಹೆಚ್ಚುಕಡಿಮೆ ಒಂದೇ ಅಚ್ಚಿನವು.

1940ರ ಮೇ ತಿಂಗಳಲ್ಲಿ ಬ್ರಿಟಿಷ್ ಸರ್ಕಾರ ರೋಹ್ನಾವನ್ನು ಸೈನಿಕ ಸಾಗಣೆಗೆ ವಶಪಡಿಸಿಕೊಂಡಿತು. ವಶಪಡಿಸಿಕೊಂಡಿತು ಎಂದರೆ ನೌಕಾಪಡೆಗೆ ಸೇರಿತು ಎಂದಲ್ಲ. ನಿಮ್ಮ ಮನೆಯವರಷ್ಟೇ ಅಲ್ಲ, ಬಹಳ ಜನ ಇಲ್ಲಿಯೇ ಎಡವುತ್ತಾರೆ. ಸರ್ಕಾರ ಬಾಡಿಗೆ ಕೊಡುತ್ತದೆ, ಎಲ್ಲಿಗೆ ಹೋಗಬೇಕೆಂದು ಹೇಳುತ್ತದೆ. ಹಡಗನ್ನು ನಡೆಸುವುದು ಮಾತ್ರ ಹಳೆಯ ಕಂಪನಿಯೇ, ಹಳೆಯ ಕ್ಯಾಪ್ಟನ್ನೇ, ಹಳೆಯ ಸಿಬ್ಬಂದಿಯೇ. ಮೇಲೆ ಕೆಲವು ಫಿರಂಗಿಗಳನ್ನೂ ಅವನ್ನು ನಡೆಸಲು ಗೋಲಂದಾಜರನ್ನೂ ಕೂರಿಸುತ್ತಾರೆ. ಹೀಗಾಗಿ ನಿಮ್ಮ ಅಜ್ಜ ರೋಹ್ನಾದಲ್ಲಿದ್ದುದು ನಿಜವಾದರೆ ಅವರು ಸೈನಿಕರೂ ಅಲ್ಲ, ನೌಕಾಪಡೆಯವರೂ ಅಲ್ಲ. ವ್ಯಾಪಾರಿ ಹಡಗಿನ ಖಲಾಸಿ. ಯುದ್ಧದ ಅಪಾಯ ಪೂರ್ತಿ, ಯೋಧನ ಮರ್ಯಾದೆ ಇಲ್ಲ. ಸಂಬಳ ಅದೇ ಹಡಗಿನ ಬ್ರಿಟಿಷ್ ನಾವಿಕನದಕ್ಕಿಂತ ಎಷ್ಟೋ ಪಾಲು ಕಡಿಮೆ. 1939ರಲ್ಲಿ ಯುದ್ಧ ಶುರುವಾದ ಕೂಡಲೇ ಭಾರತೀಯ ನಾವಿಕರು ಹಲವು ಬಂದರುಗಳಲ್ಲಿ ಮುಷ್ಕರ ಹೂಡಿ, ಜೈಲಿಗೂ ಹೋಗಿ, ಕೂಲಿ ಏರಿಸಿಕೊಂಡರು. ಏರಿದ ಮೇಲೂ ಅಂತರ ಅಂತರವೇ ಆಗಿತ್ತು.

ಇನ್ನು ‘ನಮ್ಮ ದೇಶದ ಸೈನಿಕರು’ ಎಂಬ ಮಾತು. ರೋಹ್ನಾ ಕೊನೆಯ ಯಾನದಲ್ಲಿ ಒಯ್ಯುತ್ತಿದ್ದುದು ಅಮೆರಿಕದ ಸೈನಿಕರನ್ನು. ಅಲ್ಜೀರಿಯಾದ ಓರಾನ್ ಬಂದರಿನಲ್ಲಿ ಸುಮಾರು 1,980 ಮಂದಿ ಹತ್ತಿದರು. ಅವರಲ್ಲಿ ವಿಮಾನ ನಿಲ್ದಾಣಗಳನ್ನು ಕಟ್ಟುವ 853ನೇ ಎಂಜಿನಿಯರ್ ಬೆಟಾಲಿಯನ್ನಿನವರು ಬಹಳ ಜನ. ಅವರು ಸೇರಬೇಕಿದ್ದುದು ಭಾರತ, ಬರ್ಮಾ, ಚೀನಾ ರಣರಂಗ. ಅಂದರೆ ಹೊರಟದ್ದು ಭಾರತದ ಕಡೆಗೇ, ಸೂಯೆಜ್ ದಾರಿಯಲ್ಲಿ. ನಿಮ್ಮ ಅಜ್ಜಿಯವರ ನೆನಪು ಹುಟ್ಟಿದ್ದು ಬಹುಶಃ ಹೀಗೆಯೇ: ‘ನಮ್ಮ ದೇಶಕ್ಕೆ ಬರುತ್ತಿದ್ದ ಸೈನಿಕರು’ ಎಂದು ಯಾರೋ ಹೇಳಿದ್ದು ಕಾಲ ಕಳೆದಂತೆ ‘ನಮ್ಮ ದೇಶದ ಸೈನಿಕರು’ ಆಗಿರಬಹುದು.

1943ರ ನವೆಂಬರ್ 25ರಂದು ಓರಾನ್ ಬಿಟ್ಟ ರೋಹ್ನಾ, ಬ್ರಿಟನ್ನಿನಿಂದ ಬರುತ್ತಿದ್ದ ಕೆಎಂಎಫ್-26 ಎಂಬ, ಬೆಂಗಾವಲಿನಲ್ಲಿ ಒಟ್ಟಾಗಿ ಸಾಗುವ ಹಡಗುಗಳ ಸಾಲನ್ನು ಸೇರಿಕೊಂಡಿತು. ಮರುದಿನ ಇಳಿಹೊತ್ತಿನಲ್ಲಿ ಅಲ್ಜೀರಿಯಾದ ಬೂಜಿ ಪಟ್ಟಣದ (ಈಗಿನ ಬೆಜಾಯಾ) ಆಚೆ ಜರ್ಮನ್ ಬಾಂಬರ್ ವಿಮಾನಗಳು ಸಾಲಿನ ಮೇಲೆ ಬಿದ್ದವು. ಟಾರ್ಪೆಡೊ ವಿಮಾನಗಳೂ ಬಂದಿದ್ದವು, ಆದರೆ ರೋಹ್ನಾವನ್ನು ಮುಳುಗಿಸಿದ್ದು ಟಾರ್ಪೆಡೊ ಅಲ್ಲ, ಜಲಾಂತರ್ಗಾಮಿಯಂತೂ ಅಲ್ಲ. ಅದು ಎಚ್‌ಎಸ್ 293 ಎಂಬ ರೆಕ್ಕೆಯುಳ್ಳ ಬಾಂಬು. ಹೈಂಕೆಲ್ 177 ವಿಮಾನದಿಂದ ಕಳಚಿದ ಕೂಡಲೇ ಅದರ ಹೊಟ್ಟೆಯಡಿಯ ರಾಕೆಟ್ ಹೊತ್ತಿ ವೇಗ ಕೊಡುತ್ತದೆ. ಬಾಲದಲ್ಲಿ ಒಂದು ಬೆಳಕು ಉರಿಯುತ್ತಿರುತ್ತದೆ. ವಿಮಾನದಲ್ಲಿ ಕುಳಿತವನು ಆ ಬೆಳಕನ್ನು ಕಣ್ಣಿನಿಂದ ಹಿಂಬಾಲಿಸುತ್ತಾ ಸಣ್ಣ ಹಿಡಿಕೆಯೊಂದನ್ನು ತಿರುಗಿಸಿ, ರೇಡಿಯೋ ಸಂಕೇತದ ಮೂಲಕ ಅದನ್ನು ಗುರಿಗೆ ನಡೆಸುತ್ತಾನೆ. ತಲೆಯಲ್ಲಿ ಸುಮಾರು 295 ಕಿಲೋ ಸ್ಫೋಟಕ. ಇಂದಿನ ಹಡಗುನಾಶಕ ಕ್ಷಿಪಣಿಗಳ ಪೂರ್ವಜ ಎಂದರೆ ತಪ್ಪಿಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ ಬಿಸ್ಕೆ ಕೊಲ್ಲಿಯಲ್ಲಿ ಬ್ರಿಟಿಷ್ ನೌಕೆ ಎಗ್ರೆಟ್ ಇದೇ ಅಸ್ತ್ರಕ್ಕೆ ಬಲಿಯಾಗಿತ್ತು. ನವೆಂಬರ್ 26ರಂದು ಹಲವು ಬಾಂಬುಗಳನ್ನು ಬಿಟ್ಟರಾದರೂ ಇಡೀ ಸಾಲಿನಲ್ಲಿ ಮುಳುಗಿದ್ದು ರೋಹ್ನಾ ಒಂದೇ.

ಹಾಗಾದರೆ ‘ಜಲಾಂತರ್ಗಾಮಿ’ ಎಲ್ಲಿಂದ ಬಂತು? ಅದು ನಿಮ್ಮ ಮನೆಯಲ್ಲಿ ಹುಟ್ಟಿದ ಕಥೆಯೇನೂ ಅಲ್ಲ. ಹೊಸ ಅಸ್ತ್ರ ಎಷ್ಟು ಚೆನ್ನಾಗಿ ಕೆಲಸ ಮಾಡಿತೆಂದು ಜರ್ಮನರಿಗೆ ತಿಳಿಯಬಾರದೆಂದು ಅಮೆರಿಕ, ಬ್ರಿಟನ್ ಎರಡೂ ಸುದ್ದಿಯನ್ನು ಮುಚ್ಚಿದವು. 1944ರ ಫೆಬ್ರುವರಿಯಲ್ಲಿ ಅಮೆರಿಕ ಸರ್ಕಾರ ಯುರೋಪಿನ ಕಡಲಲ್ಲಿ ಒಂದು ಹಡಗು ಮುಳುಗಿ ಸುಮಾರು ಸಾವಿರ ಸೈನಿಕರು ಹೋದರೆಂದಷ್ಟೇ ಹೇಳಿತು. ಹಡಗಿನ ಹೆಸರಿಲ್ಲ, ಸ್ಥಳವಿಲ್ಲ. ಓದಿದವರು ಜಲಾಂತರ್ಗಾಮಿ ಎಂದುಕೊಂಡರು. ಬದುಕಿ ಬಂದ ಸೈನಿಕರಿಗೆ ಬಾಯಿ ಬಿಡಬಾರದೆಂಬ ಆಜ್ಞೆ. 1945ರಲ್ಲಿ ಜರ್ಮನ್ ವಿಮಾನ ದಾಳಿ ಎಂಬುದು ಹೊರಬಿತ್ತು. ನಿಯಂತ್ರಿತ ಬಾಂಬಿನ ಸಂಗತಿ ಅಧಿಕೃತವಾಗಿ ತೆರೆದುಕೊಂಡದ್ದು 1960ರ ದಶಕದ ಕೊನೆಗೆ. ಅಮೆರಿಕದ ತಾಯಂದಿರಿಗೇ ಮಗ ಹೇಗೆ ಸತ್ತನೆಂದು ತಿಳಿಯದಿದ್ದ ಮೇಲೆ ಕಾರವಾರದ ಹಳ್ಳಿಯೊಂದಕ್ಕೆ ನಿಜ ತಲುಪುವುದೆಲ್ಲಿಂದ?

ಈಗ ಓಡಿಹೋದ ಆರೋಪಕ್ಕೆ ಬರುತ್ತೇನೆ. ಹಡಗಿನಲ್ಲಿ ಕೆಲಸ ಮಾಡಿದವನಾಗಿ ಆ ಸಂಜೆಯನ್ನು ಹಂತಹಂತವಾಗಿ ಬಿಡಿಸಿ ಹೇಳುವುದೇ ಸರಿಯಾದ ಉತ್ತರ.

ಬಾಂಬು ಬಡಿದದ್ದು ಎಡಮಗ್ಗುಲಿಗೆ, ಚಿಮಣಿಯ ಹಿಂದೆ, ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ. ಒಳಗೆ ಎಂಜಿನ್ ಕೋಣೆಯ ಸುತ್ತಮುತ್ತ ಸಿಡಿಯಿತು. ಕ್ಷಣದಲ್ಲಿ ವಿದ್ಯುತ್ ಹೋಯಿತು, ಎಂಜಿನ್ ಕೋಣೆಗೆ ನೀರು ನುಗ್ಗಿತು, ಬೆಂಕಿ ಹತ್ತಿತು. ವಿದ್ಯುತ್ ಇಲ್ಲದೆ ಪಂಪು ನಡೆಯುವುದಿಲ್ಲ, ಬೆಂಕಿಗೆ ನೀರು ಸಿಗುವುದಿಲ್ಲ, ಧ್ವನಿವರ್ಧಕದಲ್ಲಿ ಆಜ್ಞೆ ಕೊಡಲಾಗುವುದಿಲ್ಲ. ಎಡಮಗ್ಗುಲ ದೋಣಿಗಳಲ್ಲಿ ಆರು ಅಲ್ಲೇ ನಾಶವಾದವು ಅಥವಾ ಕೆಟ್ಟವು. ಸ್ಫೋಟಕ್ಕೆ ಹಡಗಿನ ತಗಡು ಹೊರಕ್ಕೆ ಉಬ್ಬಿ ನಿಂತು ಉಳಿದವನ್ನು ಇಳಿಸಲು ಅಡ್ಡಬಂತು. ಇದ್ದ ಒಟ್ಟು 22 ದೋಣಿಗಳಲ್ಲಿ ನೀರಿಗಿಳಿದವು ಎಂಟು. ಅವುಗಳಲ್ಲೂ ಹಲವು ಮಿತಿಮೀರಿ ತುಂಬಿ ಮಗುಚಿಕೊಂಡವು. ನೂರಷ್ಟು ತೆಪ್ಪಗಳಿದ್ದವು, ಅವೇ ಅನೇಕರ ಜೀವ ಉಳಿಸಿದವು.

ಜೀವರಕ್ಷಕ ದೋಣಿಯನ್ನು ಇಳಿಸುವುದು ಬಾವಿಗೆ ಕೊಡ ಬಿಟ್ಟಷ್ಟು ಸುಲಭವೆಂದು ದಡದಲ್ಲಿರುವವರು ಭಾವಿಸುತ್ತಾರೆ. ಆ ಕಾಲದ ದೋಣಿ ಮುಂದೊಂದು, ಹಿಂದೊಂದು ಹಗ್ಗದಲ್ಲಿ ತೂಗುತ್ತಿರುತ್ತದೆ. ಎರಡನ್ನೂ ಸಮನಾಗಿ ಬಿಡಬೇಕು. ಒಂದು ಕಡೆ ಒಂದು ಮಾರು ಹೆಚ್ಚು ಬಿಟ್ಟರೆ ದೋಣಿ ಓರೆಯಾಗಿ ಒಳಗಿದ್ದವರೆಲ್ಲ ಸಮುದ್ರಕ್ಕೆ. ನೀರು ಮುಟ್ಟಿದ ಮೇಲೆ ಎರಡೂ ಕೊಕ್ಕೆಗಳನ್ನು ಒಟ್ಟಿಗೇ ಬಿಡಿಸಬೇಕು. ಅಲೆ ಎದ್ದಾಗ ಒಂದು ಬಿಟ್ಟು ಇನ್ನೊಂದು ಸಿಕ್ಕಿಕೊಂಡರೆ ಮುಗಿಯಿತು. ಅಂದು ಕಡಲು ಏರಿಳಿಯುತ್ತಿತ್ತು, ಕತ್ತಲು ಕವಿಯುತ್ತಿತ್ತು, ಹಡಗು ವಾಲುತ್ತಿತ್ತು. ಹಗ್ಗದ ತುದಿಯಲ್ಲಿ ನಿಲ್ಲಬೇಕಾದ ಖಲಾಸಿಗಳಲ್ಲಿ ಎಷ್ಟೋ ಜನ ಸತ್ತಿದ್ದರು ಇಲ್ಲವೇ ಬೆಂಕಿಯ ಆಚೆಬದಿಯಲ್ಲಿ ಸಿಕ್ಕಿಕೊಂಡಿದ್ದರು. ಸೈನಿಕರು ಹಡಗು ಹತ್ತಿ ಎರಡು ದಿನವೂ ಸರಿಯಾಗಿ ಕಳೆದಿರಲಿಲ್ಲ; ದೋಣಿಯ ಕೆಲಸ ಅವರಿಗೆ ಗೊತ್ತಿಲ್ಲ. ಖಲಾಸಿಗಳ ಮಾತು ಅವರಿಗೆ ತಿಳಿಯದು, ಅವರ ಮಾತು ಖಲಾಸಿಗಳಿಗೆ ತಿಳಿಯದು. ದೋಣಿಗಳ ಕೊಕ್ಕೆ, ರಾಟೆಗಳು ತುಕ್ಕು ಹಿಡಿದು ಜಾಮ್ ಆಗಿದ್ದವೆಂದು ಬದುಕಿ ಬಂದ ಹಲವರು ದೂರಿದ್ದಾರೆ. ನಾಲ್ಕನೇ ವರ್ಷ ಯುದ್ಧದಲ್ಲಿ ದುಡಿಯುತ್ತಿದ್ದ ಹದಿನೇಳು ವರ್ಷದ ಹಡಗಿನಲ್ಲಿ ಇದು ನನಗೆ ಆಶ್ಚರ್ಯದ ಮಾತಲ್ಲ. ಆದರೆ ಹಡಗಿನ ದುರಸ್ತಿಗೆ ಹಣ, ಸಮಯ ಕೊಡುವುದು ಆಗ್‌ವಾಲಾನ ಕೈಯಲ್ಲಿ ಇರಲಿಲ್ಲ.

ದೋಣಿಯೊಂದು ಇಳಿದಾಗ ಅದರಲ್ಲಿ ಕೆಲವು ಖಲಾಸಿಗಳು ಇರಲೇಬೇಕು. ದೋಣಿ ನಡೆಸುವವರು ಅವರೇ. ಮೇಲಿನಿಂದ ನೋಡುತ್ತಿರುವ, ಇಳಿಯಲು ದಾರಿ ಕಾಣದ ಸೈನಿಕನಿಗೆ ಅದು ‘ಓಡಿಹೋದರು’ ಎಂದೇ ಕಾಣುತ್ತದೆ. ಹೆದರಿ, ಆಜ್ಞೆಗೆ ಕಾಯದೆ ದೋಣಿಗೆ ಹಾರಿದ ಖಲಾಸಿಗಳೂ ಇದ್ದಿರಬಹುದು; ಇರಲಿಲ್ಲವೆಂದು ನಾನು ವಾದಿಸುವುದಿಲ್ಲ. ಸೈನಿಕರಲ್ಲೂ ಹಾಗೆ ಮಾಡಿದವರಿದ್ದರು. ಭಯಕ್ಕೆ ದೇಶದ ಗುರುತಿಲ್ಲ. ಆದರೆ ಒಬ್ಬಿಬ್ಬರ ನಡತೆಯನ್ನು ಇಡೀ ಸಿಬ್ಬಂದಿಯ ಬೆನ್ನಿಗೆ ಅಂಟಿಸಿದ್ದರಲ್ಲಿ ಆ ಕಾಲದ ಬಣ್ಣದ ಭೇದ ಕೆಲಸ ಮಾಡಿದೆ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಸೋತ ಸಂಜೆಗೆ ಒಬ್ಬ ಹೊಣೆಗಾರ ಬೇಕಿತ್ತು. ಕೈಗೆ ಸಿಕ್ಕವನು ಮಾತು ಬಾರದ, ತನ್ನ ಹೇಳಿಕೆ ಬರೆಸಲಾಗದ ಖಲಾಸಿ.

ಲೆಕ್ಕ ನೋಡಿ. ಸಾಮಾನ್ಯವಾಗಿ ಒಪ್ಪಿರುವ ಎಣಿಕೆಯಂತೆ ಅಂದು ಸತ್ತವರು 1,138. ಅಮೆರಿಕದ ಸೈನಿಕರು 1,015, ಎಂದರೆ ಹತ್ತಿದವರಲ್ಲಿ ನೂರಕ್ಕೆ ಐವತ್ತೊಂದು. ಹಡಗಿನ 195 ಸಿಬ್ಬಂದಿಯಲ್ಲಿ ಸತ್ತವರು 117, ಎಂದರೆ ನೂರಕ್ಕೆ ಅರವತ್ತು. ಆ ಸಿಬ್ಬಂದಿಯಲ್ಲಿ ಬಹುಪಾಲು ಭಾರತೀಯರು. ಹಡಗನ್ನೂ ದೋಣಿಗಳನ್ನೂ ಎಲ್ಲರಿಗಿಂತ ಚೆನ್ನಾಗಿ ಬಲ್ಲ ಜನ ನಿಜವಾಗಿ ಮೊದಲೇ ಓಡಿದ್ದರೆ ಅವರಲ್ಲಿ ಹೆಚ್ಚಿನವರು ಉಳಿಯಬೇಕಿತ್ತು. ಆದದ್ದು ತಿರುವುಮುರುವು. ತಂಗಿಯ ಮಗನಿಗೆ ಈ ಎರಡು ಸಂಖ್ಯೆಗಳನ್ನು ತೋರಿಸಿ, ಅವನೇ ನಿಮ್ಮ ತಾಯಿಯವರ ಮುಂದೆ ಕುಳಿತು ಓದಿ ಹೇಳಲಿ.

ನಿಮ್ಮ ಚೀಟಿಯಲ್ಲಿರುವ ‘ಆಗ್‌ವಾಲಾ’ ಎಂದರೆ ಬಾಯ್ಲರಿನ ಬೆಂಕಿ ನೋಡಿಕೊಳ್ಳುವವನು. ಎಂಜಿನ್ ಖಾತೆಯಲ್ಲಿ ಖಲಾಸಿಗಳ ಮುಖ್ಯಸ್ಥನಾದ ಸಾರಂಗನ ಕೈಕೆಳಗೆ ಟಿಂಡಲ್, ತೇಲ್‌ವಾಲಾ, ಆಗ್‌ವಾಲಾ, ಕೋಯ್ಲಾವಾಲಾ ಎಂದು ಶ್ರೇಣಿ ಇಳಿಯುತ್ತಿತ್ತು. ಇವರ ಪಾಳಿ ನಾಲ್ಕು ಗಂಟೆಗಳದು. ಬಾಂಬು ಬಡಿದದ್ದು ಸಂಜೆ ಐದು ದಾಟಿದ ಮೇಲೆ, ಅಂದರೆ ನಾಲ್ಕರಿಂದ ಎಂಟರ ಪಾಳಿಯಲ್ಲಿ. ಆ ಪಾಳಿಯಲ್ಲಿ ಕೆಳಗಿದ್ದವರಿಗೆ ದೋಣಿಯ ಪ್ರಶ್ನೆಯೇ ಬರಲಿಲ್ಲ. ನಿಮ್ಮ ಅಜ್ಜ ಆ ಪಾಳಿಯಲ್ಲಿದ್ದರೋ ಮೇಲಿದ್ದರೋ ಎಂಬುದನ್ನು ಯಾವ ಕಾಗದವೂ ಹೇಳಲಾರದು. ಆದರೆ ಎಂಜಿನ್ ಖಾತೆಯವರ ಸಾವು ಏಕೆ ಅಷ್ಟು ಹೆಚ್ಚೆಂಬುದಕ್ಕೆ ಇದು ಸಾಕಷ್ಟು ವಿವರಣೆ.

ಸೈನಿಕರು ಅಷ್ಟು ಸಂಖ್ಯೆಯಲ್ಲಿ ಸತ್ತದ್ದಕ್ಕೆ ಇನ್ನೊಂದು ಕಾರಣ ಅವರ ಸೊಂಟದಲ್ಲೇ ಇತ್ತು. ಅವರಿಗೆ ಕೊಟ್ಟಿದ್ದುದು ಅನಿಲ ತುಂಬಿ ಉಬ್ಬಿಸುವ ರಬ್ಬರ್ ಪಟ್ಟಿ. ಅದನ್ನು ಕಂಕುಳಡಿಗೆ ಏರಿಸಿಕೊಳ್ಳಬೇಕು. ಎಷ್ಟೋ ಜನ ಸೊಂಟಕ್ಕೇ ಬಿಟ್ಟುಕೊಂಡು ಹಾರಿದರು. ಭಾರವಾದ ಮೈಮೇಲ್ಭಾಗ ನೀರೊಳಕ್ಕೆ, ಕಾಲು ಮೇಲಕ್ಕೆ. ರಕ್ಷಣೆಗೆ ಧಾವಿಸಿದ ಅಮೆರಿಕದ ಮೈನ್‌ಸ್ವೀಪರ್ (ಕಡಲಿನ ಸ್ಫೋಟಕಗಳನ್ನು ತೆಗೆಯುವ ನೌಕೆ) ಪಯೊನೀರ್ ಒಂದೇ 606 ಜನರನ್ನು ಎತ್ತಿತು. ಬ್ರಿಟಿಷ್ ನೌಕೆ ಅದರ್‌ಸ್ಟನ್, ಸರಕು ಹಡಗು ಕ್ಲಾನ್ ಕ್ಯಾಂಬೆಲ್ ಕೂಡ ಕತ್ತಲಲ್ಲಿ ಹುಡುಕಿ ಎತ್ತಿದವು. ಹಡಗು ಒಂದೂವರೆ ಗಂಟೆಯೊಳಗೆ ತಳ ಸೇರಿತ್ತು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತು. ನಿಮ್ಮ ಅಜ್ಜ ಇದ್ದುದು ರೋಹ್ನಾದಲ್ಲೇ ಎಂದು ಇನ್ನೂ ಸಿದ್ಧವಾಗಿಲ್ಲ. ಮೆಕಿನನ್ ಮೆಕೆಂಜಿ ಎಂಬುದು ಬ್ರಿಟಿಷ್ ಇಂಡಿಯಾ ಕಂಪನಿಯ ಏಜೆಂಟ್ ಸಂಸ್ಥೆ. ಅದು ಪಿ ಅಂಡ್ ಓ ಎಂಬ ಇನ್ನೊಂದು ಕಂಪನಿಯ ಹಡಗುಗಳ ವ್ಯವಹಾರವನ್ನೂ ನೋಡುತ್ತಿತ್ತು. ಹಾಗಾಗಿ ಚೀಟಿ ಕಂಪನಿಯ ದಿಕ್ಕನ್ನು ತೋರಿಸುತ್ತದೆ, ಹಡಗನ್ನಲ್ಲ. ನವೆಂಬರ್ ಎಂಬ ತಿಂಗಳು ಬೇರೆ ಈ ವಿಷಯದಲ್ಲಿ ಬಹಳ ಗೊಂದಲ ಮಾಡುತ್ತದೆ. ಸರಿಯಾಗಿ ಒಂದು ವರ್ಷ ಮೊದಲು, 1942ರ ನವೆಂಬರಿನಲ್ಲಿ, ಅದೇ ಬೂಜಿಯ ಬಳಿ ಅದೇ ಕಂಪನಿಯ ಕರಂಜಾ ಬಾಂಬ್ ದಾಳಿಗೆ ಸಿಕ್ಕಿ ಹೋಯಿತು. ಪಿ ಅಂಡ್ ಓ ಕಂಪನಿಯ ಕ್ಯಾಥೆ ಕೂಡ ಅಲ್ಲಿಯೇ ಅದೇ ಹೊತ್ತಿಗೆ. ಅದೇ ತಿಂಗಳ 23ರಂದು ಮುಂಬಯಿಯಿಂದ ಮೊಂಬಾಸಾಕ್ಕೆ ಹೊರಟಿದ್ದ ಇದೇ ಕಂಪನಿಯ ತಿಲಾವಾ ಹಡಗನ್ನು ಜಪಾನೀ ಜಲಾಂತರ್ಗಾಮಿ ಟಾರ್ಪೆಡೊದಿಂದ ಮುಳುಗಿಸಿತು. 280 ಜನ ಸತ್ತರು. ಕುಟುಂಬದ ನೆನಪಿನಲ್ಲಿ ಇವೆಲ್ಲ ಬೆರೆತುಹೋಗಿರುವುದನ್ನು ನಾನು ಬಹಳ ಮನೆಗಳಲ್ಲಿ ಕಂಡಿದ್ದೇನೆ. ನಿಮ್ಮ ಮನೆಯ ಮಾತಿನಲ್ಲಿ ಹೆಸರು, ವರ್ಷ ಎರಡೂ ರೋಹ್ನಾಕ್ಕೆ ಹೊಂದುತ್ತವೆ, ಅದು ಒಳ್ಳೆಯ ಲಕ್ಷಣ. ಆದರೂ ಕಾಗದ ಸಿಗುವವರೆಗೆ ‘ಬಹುಶಃ’ ಎಂಬ ಪದವನ್ನು ಬಿಡಬೇಡಿ.

ಹುಡುಕಾಟ ಎಲ್ಲಿಂದ ಶುರು ಮಾಡಬೇಕು? ಮೊದಲು ನಿಮ್ಮ ಮನೆಯಲ್ಲಿಯೇ. ಅಜ್ಜಿಗೆ ಪಿಂಚಣಿ ಬರುತ್ತಿತ್ತೇ ಎಂದು ತಾಯಿಯವರನ್ನೂ ಅವರ ವಯಸ್ಸಿನ ನೆಂಟರನ್ನೂ ಕೇಳಿ. ಯುದ್ಧದಲ್ಲಿ ಸತ್ತ ಭಾರತೀಯ ನಾವಿಕರ ಅವಲಂಬಿತರಿಗೆ ಆ ಕಾಲದಲ್ಲೇ ಪಿಂಚಣಿಯ ಯೋಜನೆ ಇತ್ತು. ಕಾರವಾರದ ಖಜಾನೆಗೆ ಹೋಗಿ ಹೆಬ್ಬೆಟ್ಟು ಒತ್ತಿ ಹಣ ತರುತ್ತಿದ್ದ ನೆನಪು ಯಾರಿಗಾದರೂ ಇದ್ದರೆ, ಅದರ ಒಂದು ತುಂಡು ಕಾಗದ ಸಿಕ್ಕಿದರೆ, ನೂರು ಊಹೆಗಿಂತ ಮೇಲು. ಅದರಲ್ಲಿ ಹಡಗಿನ ಹೆಸರು ಇರುವ ಸಾಧ್ಯತೆ ಇದೆ.

ಎರಡನೆಯದು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ದಾಖಲೆ. ಇದು ಉಚಿತ, ಮೊಬೈಲಿನಲ್ಲೇ ಹುಡುಕಬಹುದು. ಸಮುದ್ರದಲ್ಲಿ ಕಳೆದುಹೋದ ಬ್ರಿಟಿಷ್ ವ್ಯಾಪಾರಿ ನಾವಿಕರ ಹೆಸರುಗಳು ಲಂಡನ್ನಿನ ಟವರ್ ಹಿಲ್ ಸ್ಮಾರಕದ ಗೋಡೆಯ ಮೇಲಿವೆ. ಭಾರತೀಯರ ಹೆಸರುಗಳನ್ನು ಅಲ್ಲಿ ಹುಡುಕಿ ನಿರಾಶರಾಗಬೇಡಿ. ಅವು ‘ಬಾಂಬೆ/ಚಿತ್ತಗಾಂಗ್ 1939-1945’ ಎಂಬ ಹೆಸರಿನ ಸ್ಮಾರಕ ಗ್ರಂಥದಲ್ಲಿವೆ. ಒಂದು ಪ್ರತಿ ಬಾಂಗ್ಲಾದೇಶದ ಚಿತ್ತಗಾಂಗ್ ಯುದ್ಧ ಸ್ಮಶಾನದಲ್ಲಿ, ಇನ್ನೊಂದು ಮುಂಬಯಿಯ ನಾವಿಕರ ವಸತಿಗೃಹದಲ್ಲಿ. ಆರು ಸಾವಿರದಷ್ಟು ಹೆಸರುಗಳಿವೆ. ಹುಡುಕುವಾಗ ಅಜ್ಜನ ಹೆಸರಿನಿಂದ ಶುರು ಮಾಡಬೇಡಿ. ಇಂಗ್ಲಿಷ್ ಗುಮಾಸ್ತರು ನಮ್ಮ ಹೆಸರುಗಳನ್ನು ಕಿವಿಗೆ ಬಿದ್ದಂತೆ ಬರೆದುಕೊಂಡಿದ್ದಾರೆ. ಮನೆತನದ ಹೆಸರು ಬಿಟ್ಟುಹೋಗಿರುತ್ತದೆ, ಅಪ್ಪನ ಹೆಸರು ಮಗನದಾಗಿರುತ್ತದೆ. 26 ನವೆಂಬರ್ 1943 ಎಂಬ ದಿನಾಂಕ ಹಾಕಿ, ಭಾರತೀಯ ವ್ಯಾಪಾರಿ ನೌಕಾದಳ ಎಂದು ಆರಿಸಿಕೊಂಡು, ಬರುವ ಇಡೀ ಪಟ್ಟಿಯನ್ನು ಗಟ್ಟಿಯಾಗಿ ಓದಿ. ಕಣ್ಣಿಗೆ ಸಿಗದ ಹೆಸರು ಕಿವಿಗೆ ಸಿಗುತ್ತದೆ. ದಾಖಲೆ ಒಂದು ದಿನ ಆಚೀಚೆ ಇರಬಹುದು, 27ನ್ನೂ ನೋಡಿ.

ಮೂರನೆಯದು ಲಂಡನ್ನಿನ ಕ್ಯೂನಲ್ಲಿರುವ ಬ್ರಿಟಿಷ್ ರಾಷ್ಟ್ರೀಯ ದಾಖಲೆ ಭಂಡಾರ. ಯುದ್ಧಕಾಲದ ಸಿಬ್ಬಂದಿ ಪಟ್ಟಿ ಹಾಗೂ ಒಪ್ಪಂದಗಳು ಅಲ್ಲಿ ಬಿಟಿ 381 ಎಂಬ ಸರಣಿಯಲ್ಲಿವೆ. ಹಡಗು ಯಾವ ದಿನ ಎಲ್ಲಿತ್ತು ಎಂಬ ಚಲನವಲನದ ಕಾರ್ಡುಗಳು ಬಿಟಿ 389ರಲ್ಲಿ. ಸಿಬ್ಬಂದಿ ಪಟ್ಟಿಯನ್ನು ಜೋಡಿಸಿರುವುದು ಹಡಗಿನ ಹೆಸರಿನ ಪ್ರಕಾರವಲ್ಲ, ಅದರ ಅಧಿಕೃತ ನೋಂದಣಿ ಸಂಖ್ಯೆಯ ಪ್ರಕಾರ. ಆ ಸಂಖ್ಯೆ ಆ ಕಾಲದ ಲಾಯ್ಡ್ಸ್ ರಿಜಿಸ್ಟರ್ ಎಂಬ ಹಡಗುಗಳ ಪಟ್ಟಿಯಲ್ಲಿ ಸಿಗುತ್ತದೆ. ಪಟ್ಟಿ ಸಿಕ್ಕಿದರೆ ಅದರಲ್ಲಿ ಊರು, ವಯಸ್ಸು, ಹುದ್ದೆ, ಸಂಬಳ, ಕೆಲಸಕ್ಕೆ ಸೇರಿದ ಬಂದರು ಕಾಣಬಹುದು. ಅಪಾಯವೇನೆಂದರೆ ಪ್ರತಿಗೆ ಹಣ ಕೊಡಬೇಕು, ಮುಳುಗಿದ ಹಡಗುಗಳ ಪಟ್ಟಿಗಳು ಅಪೂರ್ಣವಾಗಿರುವುದೂ ಉಂಟು, ಭಾರತೀಯ ಸಿಬ್ಬಂದಿಯ ಒಪ್ಪಂದ ಪ್ರತ್ಯೇಕ ಹಾಳೆಯಲ್ಲಿದ್ದು ಕಳೆದುಹೋಗಿರಲೂಬಹುದು. ಕಾರವಾರ ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಉತ್ತರ ಕನ್ನಡ ಜಿಲ್ಲೆಯ ಕೇಂದ್ರ. ಊರಿನ ಕಾಲಮ್ಮಿನಲ್ಲಿ ಹಳ್ಳಿಯ ಬದಲು ‘ಕಾರವಾರ’ ಎಂದೋ ‘ಕೆನರಾ’ ಎಂದೋ ಅಷ್ಟೇ ಇದ್ದರೆ ಅಚ್ಚರಿಪಡಬೇಡಿ. ಆದ್ದರಿಂದ ಎರಡನೆಯ ಹಂತದಲ್ಲಿ ಹೆಸರು ಸಿಕ್ಕ ಮೇಲೆಯೇ ಇದಕ್ಕೆ ಹಣ ಹಾಕಿ.

ಪರಿಹಾರ ಕೊಡಿಸುತ್ತೇನೆಂದವರ ವಿಷಯ. ಒಂದು ಪೈಸೆಯನ್ನೂ ಕೊಡಬೇಡಿ. ಎಂಬತ್ತು ವರ್ಷಗಳ ಹಿಂದೆ ಸತ್ತ ಖಲಾಸಿಯ ಮೊಮ್ಮಕ್ಕಳಿಗೆ ಬ್ರಿಟನ್ ಹೊಸದಾಗಿ ಪರಿಹಾರ ಕೊಟ್ಟದ್ದನ್ನು ನನ್ನ ವೃತ್ತಿಜೀವನದಲ್ಲಿ ನಾನು ಕಂಡಿಲ್ಲ. ಇಂಥವರು ಮೊದಲು ‘ದಾಖಲೆ ಶುಲ್ಕ’ ಎನ್ನುತ್ತಾರೆ, ಆಮೇಲೆ ವಕೀಲರ ಶುಲ್ಕ, ಆಮೇಲೆ ಬ್ಯಾಂಕ್ ತೆರಿಗೆ. ನಡುವೆ ನಿಮ್ಮ ತಾಯಿಯವರ ಆಧಾರ್, ಬ್ಯಾಂಕ್ ಖಾತೆಯ ವಿವರ ಅವರ ಕೈ ಸೇರಿರುತ್ತದೆ. ಈಗಾಗಲೇ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸಿಡಿ. ಅದೇ ರೀತಿ, ಮಾಜಿ ಸೈನಿಕರ ಕುಟುಂಬದ ಸೌಲಭ್ಯ ಕೊಡಿಸುತ್ತೇನೆ ಎಂದವರನ್ನೂ ದೂರವಿಡಿ. ವ್ಯಾಪಾರಿ ಹಡಗಿನ ಸಿಬ್ಬಂದಿ ಆ ವರ್ಗಕ್ಕೆ ಬರುವುದಿಲ್ಲ. ಇದು ನ್ಯಾಯವೇ ಎಂದು ನೀವು ಕೇಳಿದರೆ ನನ್ನ ಉತ್ತರ ಅಲ್ಲ ಎಂದೇ. ಯುದ್ಧಪದಕದ ಮಾತು ಬೇರೆ. ವ್ಯಾಪಾರಿ ನಾವಿಕರಿಗೂ ಪದಕಗಳ ಅರ್ಹತೆ ಇತ್ತು, ಪದಕದ ದಾಖಲೆಗಳು ಕ್ಯೂನಲ್ಲಿ ಬಿಟಿ 395 ಸರಣಿಯಲ್ಲಿವೆ. ಆದರೆ ಸೇವೆಯ ಪುರಾವೆ ಇಲ್ಲದೆ ಅರ್ಜಿ ಹಾಕಿದರೆ ತಿರಸ್ಕಾರ ಖಚಿತ. ಹರಾಜಿನಲ್ಲಿ ಸಿಗುವ ಹಳೆಯ ಪದಕವನ್ನು ‘ಇದೇ ನಿಮ್ಮ ಅಜ್ಜನದು’ ಎಂದು ಮಾರುವವರೂ ಇದ್ದಾರೆ. ಆ ಯುದ್ಧದ ಬ್ರಿಟಿಷ್ ಸ್ಟಾರ್ ಪದಕಗಳ ಮೇಲೆ ಸಾಮಾನ್ಯವಾಗಿ ಹೆಸರು ಕೆತ್ತಿರುವುದಿಲ್ಲ, ಹಾಗಾಗಿ ಯಾರದ್ದೆಂದು ಯಾರೂ ಸಾಬೀತು ಮಾಡಲಾರರು.

ನೀವು ಕೇಳಿಲ್ಲ, ಆದರೆ ತಾಯಿಯವರು ಕೇಳಬಹುದು: ಅಂದು ಸತ್ತವರಿಗೆ ಸ್ಮಾರಕವಿದೆಯೇ? ಅಮೆರಿಕದ ಅಲಬಾಮಾ ರಾಜ್ಯದ ಫೋರ್ಟ್ ಮಿಚೆಲ್ ರಾಷ್ಟ್ರೀಯ ಸ್ಮಶಾನದಲ್ಲಿ 1996ರಲ್ಲಿ ಬದುಕುಳಿದವರು ರೋಹ್ನಾ ಸ್ಮಾರಕ ನಿಲ್ಲಿಸಿದರು. 2000ದಲ್ಲಿ ಅಮೆರಿಕದ ಸಂಸತ್ತು ಗೌರವದ ನಿರ್ಣಯ ಅಂಗೀಕರಿಸಿತು. ಶತ್ರುದಾಳಿಯಿಂದ ನಡುಗಡಲಿನಲ್ಲಿ ಅಮೆರಿಕದ ಸೇನೆ ಒಮ್ಮೆಗೇ ಕಳೆದುಕೊಂಡ ಅತಿ ಹೆಚ್ಚು ಸೈನಿಕರ ಘಟನೆಯಾದ್ದರಿಂದ ಅಲ್ಲಿ ಅದಕ್ಕೆ ತಡವಾಗಿಯಾದರೂ ಮನ್ನಣೆ ಬಂತು. ನಮ್ಮ ಕರಾವಳಿಯಲ್ಲಿ ಖಲಾಸಿಗಳ ಹೆಸರಿನಲ್ಲಿ ಅಂಥದ್ದೇನೂ ನನ್ನ ಕಣ್ಣಿಗೆ ಬಿದ್ದಿಲ್ಲ. ಹತ್ತಿರದಲ್ಲಿ ಇರುವುದು ಮುಂಬಯಿಯ ಆ ಗ್ರಂಥವೇ.

ತಾಯಿಯವರಿಗೆ ಪ್ರಯಾಣ ಮಾಡುವ ಶಕ್ತಿ ಇದ್ದರೆ ಮುಂಬಯಿಗೆ ಕರೆದೊಯ್ಯಬಹುದು. ಆದರೆ ಮೊದಲು ಆಯೋಗದ ಪಟ್ಟಿಯಲ್ಲಿ ಹೆಸರು ಇದೆಯೆಂದು ಖಚಿತಪಡಿಸಿಕೊಳ್ಳಿ. ಅಷ್ಟು ದೂರ ಹೋಗಿ ಪುಟ ತಿರುವಿದಾಗ ಹೆಸರಿಲ್ಲದಿದ್ದರೆ ಈಗಿನದಕ್ಕಿಂತ ದೊಡ್ಡ ನೋವು. ವಸತಿಗೃಹಕ್ಕೆ ಮುಂಚಿತವಾಗಿ ಪತ್ರ ಬರೆದು, ಗ್ರಂಥ ನೋಡಲು ಯಾವ ದಿನ ಬರಬಹುದೆಂದು ಕೇಳಿಕೊಂಡೇ ಹೊರಡಿ. ಹೆಸರು ಇದ್ದು ತಪ್ಪಾಗಿ ಬರೆದಿದ್ದರೆ ತಿದ್ದಿಸಲು ಆಯೋಗಕ್ಕೆ ನೇರವಾಗಿ ಅರ್ಜಿ ಹಾಕಬಹುದು, ಅದಕ್ಕೂ ಶುಲ್ಕವಿಲ್ಲ. ಪುರಾವೆಯಾಗಿ ಮನಿ ಆರ್ಡರ್ ಚೀಟಿಯ ಎರಡೂ ಬದಿಯ ಸ್ಪಷ್ಟ ಚಿತ್ರ ಸಾಕಾಗಬಹುದು, ಪಿಂಚಣಿಯ ಕಾಗದ ಸಿಕ್ಕಿದರೆ ಇನ್ನೂ ಗಟ್ಟಿ. ಮೂಲ ಕಾಗದವನ್ನು ಯಾರಿಗೂ ಅಂಚೆಯಲ್ಲಿ ಕಳಿಸಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ. ಹತ್ತಿ ಬಟ್ಟೆಯಲ್ಲಿ ಸುತ್ತಿ ತೇವ ತಾಗದ ಕಡೆ ಇಡಿ. ಉತ್ತರ ಬರಲು ತಿಂಗಳುಗಳೇ ಹಿಡಿಯಬಹುದು. ತಾಯಿಯವರ ವಯಸ್ಸನ್ನು ಅರ್ಜಿಯಲ್ಲಿ ಬರೆಯಿರಿ, ಸಾಧ್ಯವಾದಷ್ಟು ಬೇಗ ನೋಡಿ ಎಂದು ವಿನಂತಿಸಿಕೊಳ್ಳುವುದರಲ್ಲಿ ತಪ್ಪಿಲ್ಲ.